ಕೊನೆಯ ಚರಣದ ಹೆಸರು

ಕೆನಡಾ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಅಲ್ಲಿನ ಒಬ್ಬ ಹಾಡುಗಾರನ ಮೇಲೆ ನನಗೆ ಸಿಟ್ಟು ಬಂದಿತ್ತು. ಅವನನ್ನು ನಾನು ನೋಡಿದವಳಲ್ಲ, ಅವನ ಭಾಷೆ ನನಗೆ ಬರುತ್ತಿರಲಿಲ್ಲ. ಆದರೂ ಒಂದು ವರ್ಷ ಅವನ ಜೊತೆ ಮನಸ್ಸಿನಲ್ಲೇ ಜಗಳವಾಡಿದ್ದೇನೆ. ಈಗ ನನಗೆ ಎಂಬತ್ತು ದಾಟಿದೆ. ಹಳೆಯದನ್ನೆಲ್ಲ ಬರೆದಿಡು ಅಜ್ಜಿ, ಆದರೆ ಸಮಾಧಾನವಾಗಿ ಬರಿ ಎಂದು ಮೊಮ್ಮಗಳು ಒಂದು ನೋಟ್‌ಬುಕ್ ತಂದುಕೊಟ್ಟಿದ್ದಾಳೆ. ಬರೆಯುತ್ತೇನೆ, ಸಮಾಧಾನದ ಮಾತು ಬೇಡ. ನನಗೆ ಸಮಾಧಾನ ಹೇಳಿದವರೆಲ್ಲ ನನ್ನಿಂದ ಏನಾದರೂ ಕಿತ್ತುಕೊಂಡವರೇ. ಇನ್ನೊಂದು ವಿಷಯ. ಇದರಲ್ಲಿ ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಚಿಕ್ಕಪ್ಪನ ಹೆಸರನ್ನಂತೂ ಹನ್ನೊಂದು ಸಲ ಕೈಯಾರೆ ಬರೆದುಕೊಟ್ಟಿದ್ದೇನೆ, ಅಷ್ಟು ಸಾಕು.

ರಾಜಾಜಿನಗರ ಎಂದು ಬಸ್ಸಿನ ಬೋರ್ಡಿನ ಮೇಲೆ ಬರೆದಿರುತ್ತದಲ್ಲ, ಅದರಲ್ಲಿ ಒಂದು ತುಂಡು ನಮ್ಮ ಹೊಲ. ರಾಗಿ, ಅವರೆ, ಬದುವಿನ ಪಕ್ಕ ಹುಚ್ಚೆಳ್ಳು. ಅದರ ಅಂಚಿಗೆ ನಮ್ಮ ಹಳ್ಳಿ. ನನಗೆ ಆರು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ನಾನು ಮತ್ತು ಅವ್ವ ಚಿಕ್ಕಪ್ಪನ ಮನೆಯಲ್ಲಿ ಉಳಿದೆವು. ಹಾಗೆ ಹೇಳುವುದೇ ತಪ್ಪು, ಆ ಮನೆಯಲ್ಲಿ ಅರ್ಧ ಅಪ್ಪನದು. ಆದರೆ ಊರಿನವರು, ಪಾಪ, ಅತ್ತಿಗೆಯನ್ನೂ ಮಗುವನ್ನೂ ಇಟ್ಟುಕೊಂಡು ಸಾಕುತ್ತಿದ್ದಾನೆ ಎಂದು ಚಿಕ್ಕಪ್ಪನನ್ನು ಹೊಗಳುತ್ತಿದ್ದರು. ಅವ್ವ ತಲೆ ತಗ್ಗಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಕೋಳಿ ಕೂಗುವ ಮೊದಲೇ ಎದ್ದು ಕೊಟ್ಟಿಗೆ ಗುಡಿಸಿ, ನಾಲ್ಕು ಹಸುಗಳ ಹಾಲು ಕರೆದು, ಹತ್ತು ಜನಕ್ಕೆ ಮುದ್ದೆ ತಿರುವುತ್ತಿದ್ದವಳು ಅವಳು. ಯಾರು ಯಾರನ್ನು ಸಾಕುತ್ತಿದ್ದರು ಎಂದು ಯಾರೂ ಕೇಳಲಿಲ್ಲ.

ಚಿಕ್ಕಪ್ಪ ನಮ್ಮೂರ ಭಜನೆ ಮನೆಯ ಯಜಮಾನ. ಶನಿವಾರ ಸಂಜೆ ಹಾರ್ಮೋನಿಯಂ ಮುಂದೆ ಕೂತು ಒಂದು ಸಾಲು ಹೇಳುತ್ತಿದ್ದ, ಸುತ್ತ ಕೂತ ಗಂಡಸರು ಅದನ್ನೇ ತಿರುಗಿ ಹೇಳುತ್ತಿದ್ದರು. ಹೆಂಗಸರು ಒಳಗೆ ಕೂರುವ ಹಾಗಿರಲಿಲ್ಲ. ಜಗಲಿಯ ಮೇಲೆ ಕೂತು ಅಲ್ಲಿಂದಲೇ ದನಿ ಸೇರಿಸಬೇಕು. ಅವನಿಗೆ ಒಳ್ಳೆಯ ಕಂಠವಿತ್ತು, ಇಲ್ಲವೆನ್ನುವುದಿಲ್ಲ. ಮಾಗಡಿ ಕಡೆಯ ಒಬ್ಬ ಗುರುಗಳು ಅವನಿಗೆ ಅಂಕಿತವನ್ನೂ ಕೊಟ್ಟಿದ್ದರು. ಪದ ಕಟ್ಟಿದವರು ಕೊನೆಯ ಚರಣದಲ್ಲಿ ತಮ್ಮ ಗುರುತಿನ ಹೆಸರು ಸೇರಿಸುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದದ್ದು. ಪದ ಎಷ್ಟು ಬಾಯಿ ದಾಟಿ ಹೋದರೂ ಅದು ಯಾರದ್ದೆಂದು ಆ ಸಾಲಿನಿಂದ ತಿಳಿಯುತ್ತದೆ. ಚಿಕ್ಕಪ್ಪನ ಅಂಕಿತದಲ್ಲಿ ಅವನ ಹೆಸರು, ಗುರುವಿನ ಹೆಸರು ಎರಡೂ ಸೇರಿ ಏಳು ಅಕ್ಷರ. ತೊಂದರೆ ಏನೆಂದರೆ ಅವನಿಗೆ ಅಂಕಿತವಿತ್ತು, ಪದ ಕಟ್ಟಲು ಬರುತ್ತಿರಲಿಲ್ಲ. ಹತ್ತು ವರ್ಷದಿಂದ ಆ ಅಂಕಿತ ಕೆಲಸವಿಲ್ಲದೆ ಕೂತಿತ್ತು.

ನನಗೆ ಪದ ಬರುತ್ತಿತ್ತು. ಎಲ್ಲಿಂದ ಬರುತ್ತಿತ್ತು ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಧಾಟಿಗಳೆಲ್ಲ ಅವ್ವನವು. ಅವಳು ಮದುವೆಮನೆಗಳಲ್ಲಿ ಸೋಬಾನೆ ಹೇಳುತ್ತಿದ್ದಳು, ಕೊಟ್ಟಿಗೆಯಲ್ಲಿ ಹಸುಗಳಿಗೂ ಹೇಳುತ್ತಿದ್ದಳು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಬಡಾವಣೆಗೆಂದು ನಮ್ಮ ಹೊಲ ಅಳೆಯಲು ಬಂದರು. ಕಬ್ಬಿಣದ ಸರಪಳಿ ಎಳೆದು, ಪೈರು ನಿಂತಿದ್ದ ಕಡೆಯೇ ಗುರುತಿನ ಕಲ್ಲು ನೆಟ್ಟರು. ಆ ಸಾಯಂಕಾಲ ನಾನು ಕೊಟ್ಟಿಗೆಯಲ್ಲಿ ಕೂತು ನೋಟ್‌ಬುಕ್ಕಿನ ಹಿಂಭಾಗದಲ್ಲಿ ಬರೆದೆ:

ರಾಗಿ ಬಿತ್ತೋ ಹೊಲದಾಗೆ ಕಲ್ಲು ಬಿತ್ತವ್ರೆ
ನೀರೇ ಹಾಕ್ದೇನೆ ಅಲ್ಲಿ ಮನೆ ಮೊಳ್ತವೆ

ಹೀಗೆ ನಾಲ್ಕು ಚರಣ. ಅವ್ವನ ಧಾಟಿಯಲ್ಲಿ ಅದನ್ನು ಹೇಳಿಕೊಳ್ಳುತ್ತಿದ್ದಾಗ ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಬಯ್ಯುತ್ತಾನೆ ಎಂದುಕೊಂಡೆ. ಬಯ್ಯಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಇನ್ನೊಂದು ಸಲ ಹೇಳಿಸಿದ. ಆಮೇಲೆ, ಪದವೇನೋ ಚೆನ್ನಾಗಿದೆ, ಆದರೆ ಕೊನೆಯ ಚರಣವಿಲ್ಲದ ಪದವನ್ನು ಭಜನೆ ಮನೆಯಲ್ಲಿ ಎತ್ತಿಕೊಳ್ಳಲು ಆಗುವುದಿಲ್ಲ, ಅಂಕಿತ ಬೇಕು ಎಂದ. ಯಾರ ಅಂಕಿತ ಎಂದು ಕೇಳಿದೆ.

"ನಿಂಗೆ ಯಾವ್ ಗುರು ಕೊಟ್ಟವ್ರೆ ಮಗಾ? ನಂದೇ ಹಾಕು."

ನಾನು ಹಾಕಿದೆ. ಹಿಗ್ಗಿನಿಂದ ಹಾಕಿದೆ. ಆ ಏಳು ಅಕ್ಷರ ಕೂರುವ ಹಾಗೆ ಸಾಲನ್ನು ಅಳೆದು, ಕತ್ತರಿಸಿ, ತಾಳಕ್ಕೆ ಸರಿಯಾಗಿ ಇಳಿಸಿ, ದುಂಡಗೆ ಬರೆದುಕೊಟ್ಟೆ. ಮನೆಯ ಹಿರಿಯರ ಹೆಸರು ಹೇಳುವುದು ಮರ್ಯಾದೆ ಎಂದು ನಂಬಿದ್ದ ಕಾಲ ಅದು. ಅವನು ಬಲವಂತ ಮಾಡಲಿಲ್ಲ, ಹೊಡೆಯಲಿಲ್ಲ. ಹಾಗೆ ಮಾಡಿದ್ದರೆ ಇವತ್ತು ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಆ ಶನಿವಾರ ಚಿಕ್ಕಪ್ಪ ಅದನ್ನು ಹೇಳಿದ. ಜಗಲಿಯ ಮೇಲಿನ ಹೆಂಗಸರು ಕಣ್ಣೊರೆಸಿಕೊಂಡರು. ಒಳಗಿದ್ದ ಹಿರಿಯರೊಬ್ಬರು ತಲೆಯಾಡಿಸಿ, ದೇಹವೇ ಹೊಲ, ಆಸೆಗಳೇ ಕಲ್ಲು, ಎಂಥಾ ತತ್ವ ಎಂದರು. ನನಗೆ ಮೈ ಉರಿದುಹೋಯಿತು. ಹೊಲ ಎಂದರೆ ಹೊಲ. ಕಲ್ಲು ಎಂದರೆ ಕಲ್ಲು, ಎಡವಿದರೆ ಹೆಬ್ಬೆರಳ ಉಗುರು ಕಿತ್ತುಬರುವಂಥದ್ದು. ಆದರೆ ಕೊನೆಯ ಸಾಲಿನಲ್ಲಿ ಗುರುವಿನ ಹೆಸರು ಬಂದಮೇಲೆ ಮೇಲಿನದೆಲ್ಲ ತತ್ವವಾಗಲೇಬೇಕಲ್ಲ. ಚಿಕ್ಕಪ್ಪ ಕಣ್ಣು ಮುಚ್ಚಿ ಕೈ ಮುಗಿದ. ನಾನು ಕಟ್ಟಿದ್ದು ಎಂದು ಹೇಳುತ್ತಾನೆ ಎಂದು ಜಗಲಿಯ ಮೇಲೆ ಕುತ್ತಿಗೆ ಉದ್ದ ಮಾಡಿ ಕಾದೆ. ಹೇಳಲಿಲ್ಲ. ಮರೆತಿರಬೇಕು ಎಂದು ನಾನೇ ಸಮಾಧಾನ ಮಾಡಿಕೊಂಡೆ. ಹಾಗೆ ಮರೆಯುತ್ತಲೇ ಎರಡು ವರ್ಷದಲ್ಲಿ ಹನ್ನೊಂದು ಪದ ತೆಗೆದುಕೊಂಡ.

ಅಷ್ಟರಲ್ಲಿ ಮನೆಗಳು ಮೊಳೆತವು. ಹೊಲ ಹೋಯಿತು, ಹಸು ಉಳಿದವು. ಎಂಟನೆಯ ಕ್ಲಾಸಿಗೆ ನನ್ನ ಸ್ಕೂಲು ಬಿಡಿಸಿ, ಹೊಸ ಬಡಾವಣೆಯ ಮನೆಗಳಿಗೆ ಹಾಲು ಹಾಕುವ ಕೆಲಸಕ್ಕೆ ಹಚ್ಚಿದರು. ಒಂದು ಮನೆಯಲ್ಲಿ ಕಂಟೋನ್ಮೆಂಟ್ ಕಡೆಯಿಂದ ಬಂದ ಆಂಗ್ಲೋ ಇಂಡಿಯನ್ ದಂಪತಿಗಳಿದ್ದರು. ಗಂಡ ಕಾರ್ಖಾನೆಯಲ್ಲಿ ಫೋರ್‌ಮನ್. ಹೆಂಡತಿಯನ್ನು ನಾವು ದೊರೆಸಾನಿ ಎನ್ನುತ್ತಿದ್ದೆವು. ಫ್ರಾಕು ಹಾಕುತ್ತಿದ್ದಳು, ಕನ್ನಡದ ಜೊತೆ ತಮಿಳು ಬೆರೆಸಿ ಮಾತಾಡುತ್ತಿದ್ದಳು, ಹಾಲಿಗೆ ನೀರು ಬೆರೆಸಿದರೆ ಎರಡೇ ನಿಮಿಷದಲ್ಲಿ ಕಂಡುಹಿಡಿಯುತ್ತಿದ್ದಳು. ಮಕ್ಕಳಿರಲಿಲ್ಲ. ಹಾಲು ಸುರಿದುಕೊಂಡಮೇಲೂ ಏನಾದರೂ ಮಾತು ತೆಗೆದು ನನ್ನನ್ನು ನಿಲ್ಲಿಸಿಕೊಳ್ಳುತ್ತಿದ್ದಳು.

ಅವಳ ತಮ್ಮ ಕೆನಡಾಕ್ಕೆ ಹೋಗಿ ಅಲ್ಲಿನ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದ್ದ. ಒಂದು ದಿನ ಅವನು ತಗಡಿನ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಒಂದು ಗ್ರಾಮಫೋನ್ ಪ್ಲೇಟು ಕಳಿಸಿದ್ದ. ದೊರೆಸಾನಿ ನನ್ನ ಎದುರಿಗೇ ಗ್ರಾಮಫೋನಿಗೆ ಕೀಲಿ ಕೊಟ್ಟು ಅದನ್ನು ಹಾಕಿದಳು. ನನ್ನ ಕೈಯಲ್ಲಿದ್ದ ಹಾಲಿನ ಅಳತೆ ಪಾವು ಕೆಳಗೆ ಬೀಳುವುದೊಂದು ಬಾಕಿ. ಅವನು ಹಾಡುತ್ತಿರಲಿಲ್ಲ, ಜಗಳವಾಡುತ್ತಿದ್ದ. ಹಿಂದೆ ತಂತಿವಾದ್ಯವೂ ಡ್ರಮ್ಮೂ ಅವನ ಪರ ವಹಿಸಿಕೊಂಡು ಕೂಗಾಡುತ್ತಿದ್ದವು. ನಾನು ಅಲ್ಲಿಯತನಕ ಕೇಳಿದ್ದ ಹಾಡುಗಳೆಲ್ಲ ದೇವರನ್ನು ಬೇಡುವವು, ಮಗುವನ್ನು ಮಲಗಿಸುವವು, ಮದುಮಗಳನ್ನು ಅಳಿಸುವವು. ಸಿಟ್ಟು ಬಂದವರು ಸಿಟ್ಟಿನಲ್ಲೇ ಹಾಡಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಇದು ಏನು ಹಾಡು ಎಂದು ಕೇಳಿದೆ. ಅವಳು ಅರ್ಥ ಹೇಳಿದಳು. ಅವನ ಊರಿನಲ್ಲಿ ಮರ ಕೊಯ್ಯುವ ಕಾರ್ಖಾನೆಯಿದೆ, ಬೆಳಗಿನ ಜಾವ ಅದರ ಶಿಳ್ಳೆ ಆಗುತ್ತದೆ. ತಾತ ಎದ್ದ, ಅಪ್ಪ ಎದ್ದ, ನಾನು ಏಳುವುದಿಲ್ಲ ಎನ್ನುತ್ತಿದ್ದಾನೆ ಎಂದಳು. ಅವಳ ತಮ್ಮ ಆ ಊರಿನಲ್ಲೇ ಇದ್ದುದರಿಂದ ಎಲ್ಲ ಬರೆದಿದ್ದ. ಹುಡುಗನಿಗೆ ಹದಿನೆಂಟು ವರ್ಷ. ಹದಿನಾಲ್ಕಕ್ಕೇ ಕಾರ್ಖಾನೆಯಲ್ಲಿ ಹಲಗೆ ಹೊರಲು ಸೇರಿದ್ದ, ಗರಗಸಕ್ಕೆ ಸಿಕ್ಕಿ ಎಡಗೈಯ ಕಿರುಬೆರಳ ತುದಿ ಹೋಗಿತ್ತು, ಉಳಿದ ಬೆರಳುಗಳಲ್ಲೇ ಗಿಟಾರು ಕಲಿತ. ಚರ್ಚಿನಲ್ಲಿ ಹಾಡಲು ಕರೆದ ಪಾದ್ರಿ ಎರಡನೆಯ ವಾರವೇ ಹೊರಗೆ ಹಾಕಿದ. ಆಮೇಲೆ ದೊಡ್ಡ ಊರಿನ ಕಂಪನಿಯವರು ಬಂದು ಈ ಪ್ಲೇಟು ಮಾಡಿದರು.

ಪ್ಲೇಟಿನ ನಡುವೆ ಅಂಟಿಸಿದ್ದ ಕಾಗದವನ್ನು ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮೇಲೆ ಹಾಡಿನ ಹೆಸರು. ಕೆಳಗೆ ದಪ್ಪಕ್ಷರದಲ್ಲಿ ಒಬ್ಬನ ಹೆಸರು. ನಡುವೆ, ಶಾಲೆಯ ಲೆಕ್ಕದಲ್ಲಿ ಬರುವ ಹಾಗೆ ಕಂಸ ಹಾಕಿ, ಸಣ್ಣಕ್ಷರದಲ್ಲಿ ಇನ್ನೊಂದು ಸಲ ಅದೇ ಹೆಸರು. ಒಂದೇ ಹೆಸರನ್ನು ಎರಡು ಸಲ ಯಾಕೆ ಬರೆದಿದ್ದಾರೆ ಎಂದು ಕೇಳಿದೆ. ದಪ್ಪಕ್ಷರದ್ದು ಹಾಡಿದವನ ಹೆಸರು, ಕಂಸದಲ್ಲಿರುವುದು ಹಾಡು ಕಟ್ಟಿದವನ ಹೆಸರು, ಇವನು ತಾನೇ ಕಟ್ಟಿ ತಾನೇ ಹಾಡಿದ್ದಾನೆ ಎಂದಳು. ಕಟ್ಟಿದವನಿಗೆ ಯಾವ ಗುರು ಹೆಸರು ಕೊಟ್ಟರು ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಯಾರ್ ಕೊಡೋದು? ಅವ್ರಮ್ಮ ಇಟ್ಟ ಹೆಸ್ರು ಅದು."

ಮನೆಗೆ ಬರುವ ದಾರಿಯಲ್ಲಿ ನನ್ನ ತಲೆ ಕೆಟ್ಟುಹೋಗಿತ್ತು. ಅಮ್ಮ ಇಟ್ಟ ಹೆಸರು ಸಾಕಂತೆ. ಗುರು ಬೇಡವಂತೆ. ಹನ್ನೊಂದು ಪದದ ಕೊನೆಯ ಚರಣಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ, ಪ್ರತಿಯೊಂದರಲ್ಲೂ ಚಿಕ್ಕಪ್ಪ ಕಾಲು ಚಾಚಿಕೊಂಡು ಕೂತಿದ್ದ. ಹನ್ನೆರಡನೆಯದನ್ನು ಕಟ್ಟಿದಾಗ ಕೊನೆಯ ಚರಣ ಬರೆಯಲಿಲ್ಲ. ಅವನು ಕೇಳಿದ. ಇಷ್ಟೇ ಎಂದೆ. ಅವನು ಪೆನ್ಸಿಲು ತೆಗೆದುಕೊಂಡು ತಾನೇ ಒಂದು ಸಾಲು ಗೀಚಿ ಸೇರಿಸಿಕೊಂಡ. ಕುಂಟು ಸಾಲು, ತಾಳಕ್ಕೆ ಎರಡು ಕಡೆ ಎಡವುತ್ತಿತ್ತು. ಅದನ್ನೂ ಹಾಡಿದ, ಅದಕ್ಕೂ ಜನ ತಲೆಯಾಡಿಸಿದರು. ಅಂದು ಮೊದಲ ಸಲ ಅವನ ಎದುರಿಗೆ ಬಾಯಿಬಿಟ್ಟೆ. ಪದ ಕಟ್ಟಿದ್ದು ನಾನು, ನಿಮ್ಮದು ಎಂದು ಯಾಕೆ ಹೇಳಿಕೊಳ್ಳುತ್ತೀರಿ ಎಂದೆ. ಅವನಿಗೆ ಸಿಟ್ಟೂ ಬರಲಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದ.

"ಹಾಲು ಕರೆದೋಳು ನೀನು ಅಂತ ಹಾಲು ನಿಂದಾಗ್ಬಿಡುತ್ತಾ?"

"ಹಸೂದಾದ್ರೂ ಆಗ್ಬೇಕಲ್ಲ ಚಿಕ್ಕಪ್ಪ," ಎಂದೆ.

ಅವನು ನಕ್ಕ. ಒಳಗಿನಿಂದ ಅವ್ವ ಓಡಿಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಅಡುಗೆಮನೆಯಲ್ಲಿ ಒಂದು ಬಾರಿಸಿದಳು ಕೂಡ. ಹೊಡೆದ ಕೈಯಲ್ಲೇ ಆಮೇಲೆ ತಲೆಗೆ ಎಣ್ಣೆ ಹಚ್ಚಿದಳು. ನಾವು ಅವರ ಮನೆಯಲ್ಲಿದ್ದೇವೆ ಎಂದಳು. ಅವರ ಮನೆಯಲ್ಲ ಎಂದು ನಾನು, ಅವರ ಮನೆಯೇ ಎಂದು ಅವಳು.

ಎರಡನೆಯ ಪ್ಲೇಟು ಬಂದದ್ದು ಅದರ ಮುಂದಿನ ವರ್ಷ. ಹಾಡು ಮೊದಲಿನದಕ್ಕಿಂತ ಜೋರಾಗಿತ್ತು. ನಾನು ಹಾಡು ಮುಗಿಯುವವರೆಗೂ ಕಾಯದೆ ತಿರುಗುತ್ತಿದ್ದ ಪ್ಲೇಟಿನ ಮೇಲೇ ಕಣ್ಣಿಟ್ಟಿದ್ದೆ. ನಿಂತಮೇಲೆ ಓದಿದೆ. ಕಂಸದಲ್ಲಿ ಎರಡು ಹೆಸರಿತ್ತು. ಒಂದು ಅವನದು. ಇನ್ನೊಂದು ಯಾರದ್ದು ಎಂದು ಕೇಳಿದರೆ ದೊರೆಸಾನಿ ತಮ್ಮನ ಕಾಗದ ನೋಡಿ ಹೇಳಿದಳು. ಅವನನ್ನು ಊರೂರಿಗೆ ಕರೆದುಕೊಂಡು ಹೋಗಿ ಹಾಡಿಸುವ ಮ್ಯಾನೇಜರನಂತೆ. ಹಾಡಿನ ಒಂದು ಮಾತನ್ನೂ ಅವನು ಬರೆದಿಲ್ಲವಂತೆ. ತನ್ನ ಹೆಸರೂ ಹಾಕದಿದ್ದರೆ ಪ್ಲೇಟು ಮಾಡಿಸುವುದಿಲ್ಲ ಎಂದನಂತೆ, ಹುಡುಗ ಒಪ್ಪಿಕೊಂಡನಂತೆ.

ಎಷ್ಟು ಸಿಟ್ಟು ಬಂತೆಂದರೆ ಆ ದಿನ ಉಳಿದ ಮನೆಗಳಿಗೆ ಹಾಲು ಹಾಕದೆ ಮನೆಗೆ ಬಂದುಬಿಟ್ಟೆ. ಮ್ಯಾನೇಜರನ ಮೇಲಲ್ಲ, ಅವನು ಎಲ್ಲ ಊರಿನಲ್ಲೂ ಇರುವವನೇ. ಆ ಹುಡುಗನ ಮೇಲೆ. ನಿನಗೇನಾಗಿತ್ತು? ನಾನಾದರೋ ಅಪ್ಪನಿಲ್ಲದವಳು, ಹೆಣ್ಣು, ಹದಿನಾಲ್ಕು ವರ್ಷದವಳು, ಕಂಸ ಎಂದರೆ ಲೆಕ್ಕದ ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ಕಾಣದವಳು. ನೀನು ಗೊತ್ತಿದ್ದೂ ಕೊಟ್ಟೆಯಲ್ಲ. ಏಳುವುದಿಲ್ಲ ಎಂದು ಕೂಗಾಡಿದವನು ಮ್ಯಾನೇಜರ್ ಕರೆದ ತಕ್ಷಣ ಎದ್ದು ನಿಂತೆಯಲ್ಲ. ಹೀಗೆ ಹಸುವಿನ ಮೈ ತೊಳೆಯುತ್ತ, ಸಗಣಿ ತಟ್ಟುತ್ತ ಅವನನ್ನು ಕನ್ನಡದಲ್ಲಿ ಬಯ್ದಿದ್ದೇ ಬಯ್ದಿದ್ದು.

ಒಂದು ವರ್ಷ ಪ್ಲೇಟು ಬರಲಿಲ್ಲ. ದೊರೆಸಾನಿಯ ತಮ್ಮನ ಕಾಗದ ಮಾತ್ರ ಬಂತು. ಹುಡುಗ ಮ್ಯಾನೇಜರನ ಜೊತೆ ಜಗಳ ಮಾಡಿಕೊಂಡಿದ್ದಾನೆ, ಇನ್ನು ಮುಂದೆ ಕಂಸದಲ್ಲಿ ಒಂದೇ ಹೆಸರು, ಇಲ್ಲವಾದರೆ ಹಾಡೇ ಇಲ್ಲ ಎಂದು ಹೇಳಿ ಊರಿಗೆ ವಾಪಸು ಬಂದು ಮತ್ತೆ ಹಲಗೆ ಹೊರುತ್ತಿದ್ದಾನೆ, ಬೆಳಗಿನ ಶಿಳ್ಳೆಗೆ ಎಲ್ಲರ ಜೊತೆ ಏಳುತ್ತಿದ್ದಾನೆ ಎಂದಿತ್ತು. ಊರಿನ ಹುಡುಗರು ಅವನದೇ ಹಾಡು ಹೇಳಿ ಅಣಕಿಸುತ್ತಾರಂತೆ. ಅವನ ಮೇಲಿದ್ದ ಸಿಟ್ಟು ಆ ದಿನ ಹೋಯಿತು. ಆಮೇಲೆ ಅವನು ಬೇರೆ ಕಂಪನಿ ಹಿಡಿದು ಇನ್ನೊಂದು ಪ್ಲೇಟು ಮಾಡಿದ, ಕಂಸದಲ್ಲಿ ಒಂದೇ ಹೆಸರಿತ್ತು, ಅದನ್ನೂ ನಾನು ಕಣ್ಣಾರೆ ಓದಿದ್ದೇನೆ. ಅಷ್ಟಕ್ಕೇ ಅವನ ಕಥೆ ನನಗೆ ಗೊತ್ತಿರುವುದು. ದೊರೆಸಾನಿ ಗಂಡನ ಜೊತೆ ದೇಶ ಬಿಟ್ಟುಹೋದಳು. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಎಷ್ಟು ಹುಡುಕಿದರೂ ಅವನು ಸಿಗಲಿಲ್ಲ. ದೊಡ್ಡ ಹೆಸರು ಮಾಡಲಿಲ್ಲವೇನೋ. ಮಾಡದಿದ್ದರೆ ಬಿಡಲಿ, ಇದ್ದ ಹೆಸರನ್ನಾದರೂ ಉಳಿಸಿಕೊಂಡನಲ್ಲ.

ಆ ಕಾಗದ ಬಂದ ತಿಂಗಳಲ್ಲೇ ಚಿಕ್ಕಪ್ಪನ ಪುಸ್ತಕದ ಸುದ್ದಿ ಹೊರಟಿತು. ಬಡಾವಣೆಗೆ ಹೊಸದಾಗಿ ಬಂದ ಕನ್ನಡ ಮೇಷ್ಟ್ರೊಬ್ಬರು ಶನಿವಾರದ ಭಜನೆ ಕೇಳಿ ಮರುಳಾಗಿದ್ದರು. ಹಳ್ಳಿಯ ರೈತನೊಬ್ಬ ಇಂಥ ಪದ ಕಟ್ಟಿದ್ದಾನೆ, ಅಚ್ಚು ಹಾಕಿಸಬೇಕು ಎಂದು ಪೇಟೆಯ ಪ್ರೆಸ್ಸಿನಲ್ಲಿ ಮಾತಾಡಿಬಂದಿದ್ದರು. ರಾಮನವಮಿಯ ದಿನ ಭಜನೆ ಮನೆಯಲ್ಲೇ ಪುಸ್ತಕ ಹೊರತರುವುದೆಂದು ಗೊತ್ತಾಯಿತು. ಚಿಕ್ಕಪ್ಪ ಹೊಸ ಶಲ್ಯ ತಂದುಕೊಂಡ.

ಬಾಯಲ್ಲಿ ಹೇಳಿದ್ದನ್ನು ತಿರುಗಿಸಬಹುದು, ಅಚ್ಚಾದದ್ದನ್ನು ತಿರುಗಿಸುವುದು ಹೇಗೆ? ಅಚ್ಚಾಗುವ ಮೊದಲೇ ಏನಾದರೂ ಮಾಡಬೇಕಿತ್ತು. ಮೇಷ್ಟ್ರ ಮನೆಗೂ ಹಾಲು ಹಾಕುತ್ತಿದ್ದವಳು ನಾನೇ. ಒಂದು ಬೆಳಿಗ್ಗೆ ಹಾಲಿನ ಜೊತೆ ನನ್ನ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಈ ಪದಗಳೆಲ್ಲ ನಾನು ಕಟ್ಟಿದವು, ನೋಡಿ ಸಾರ್, ಹೊಡೆದುಹಾಕಿ ತಿದ್ದಿದ್ದೆಲ್ಲ ಇದೆ ಎಂದೆ. ಅವರು ಒಳ್ಳೆಯವರು. ಕನ್ನಡಕ ಹಾಕಿಕೊಂಡು ಒಂದೊಂದು ಹಾಳೆಯನ್ನೂ ತಿರುವಿ ನೋಡಿದರು. ಹನ್ನೊಂದು ಪದಗಳ ಕೊನೆಯಲ್ಲೂ ಒಂದೊಂದಾಗಿ ಬೆರಳಿಟ್ಟರು. ಅಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಚಿಕ್ಕಪ್ಪನ ಅಂಕಿತವಿತ್ತು.

"ಅಂಕಿತ ಯಾರದೋ ಪದ ಅವರದಮ್ಮ. ನಮ್ಮ ಹಿರಿಯರ ಪದಗಳನ್ನೆಲ್ಲ ನಾವು ಗುರುತಿಸಿರೋದೇ ಹಾಗೆ," ಎಂದರು. "ನೀನು ಚೆನ್ನಾಗಿ ನಕಲು ಮಾಡಿದೀಯ. ಅಕ್ಷರ ಮುದ್ದಾಗಿದೆ."

ನಾನು ಹೇಳಿದೆ. ಹೇಗೆ ಕಟ್ಟಿದೆ, ಎಲ್ಲಿ ಕೂತು ಕಟ್ಟಿದೆ, ಆ ಕಲ್ಲು ಯಾವ ಕಲ್ಲು ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಹಾಗಾದರೆ ಇದನ್ನು ಬರೆದವರು ಯಾರು ಎಂದು ಅಂಕಿತದ ಮೇಲೆ ಮತ್ತೆ ಬೆರಳಿಟ್ಟರು. ನಾನೇ ಬರೆದೆ ಎಂದೆ. ಯಾರಾದರೂ ಬಲವಂತ ಮಾಡಿದರೇ ಎಂದರು. ಇಲ್ಲ ಎಂದೆ. ಅವರು ನೋಟ್‌ಬುಕ್ ಮುಚ್ಚಿ ವಾಪಸು ಕೊಟ್ಟರು. ನನಗೆ ಬೇಜಾರಾಗದಿರಲಿ ಎಂದೋ ಏನೋ, ನೀನೂ ಹಾಡುತ್ತೀಯಂತೆ, ಕಾಲ ಬದಲಾಗಿದೆ, ಹೆಣ್ಣುಮಕ್ಕಳೂ ಒಳಗೆ ಕೂತು ಹಾಡಲಿ, ರಾಮನವಮಿಯ ದಿನ ನಿನ್ನ ಚಿಕ್ಕಪ್ಪನ ಪದ ಒಂದನ್ನು ನೀನೇ ಹೇಳು, ನಾನು ಅವರಿಗೆ ಹೇಳುತ್ತೇನೆ ಎಂದರು. ನನ್ನ ಚಿಕ್ಕಪ್ಪನ ಪದ. ಆಗಲಿ ಸಾರ್ ಎಂದೆ. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು.

ಕಲ್ಲಿನ ಪದವನ್ನೇ ಆರಿಸಿಕೊಂಡೆ. ಅಂಕಿತ ತೆಗೆದು ನನ್ನ ಹೆಸರು ಹಾಕಬೇಕು, ಅಷ್ಟೇ ಎಂದುಕೊಂಡಿದ್ದೆ. ಆಗಲಿಲ್ಲ. ನನ್ನ ಹೆಸರು ಮೂರೇ ಅಕ್ಷರ. ಸಾಲನ್ನು ಏಳು ಅಕ್ಷರದ ಅವನ ಅಂಕಿತಕ್ಕೆಂದೇ ಅಳೆದು ಹೊಲಿದವಳು ನಾನು, ನನ್ನ ಹೆಸರು ಅದರೊಳಗೆ ಜೋಲಾಡುತ್ತಿತ್ತು. ನಾಲ್ಕು ದಿನ ಕೊಟ್ಟಿಗೆಯಲ್ಲಿ ಅದನ್ನೇ ಹಿಡಿದು ಜಗ್ಗಾಡಿದೆ. ಐದನೆಯ ದಿನ ಹೊಳೆಯಿತು. ಅವ್ವನ ಹೆಸರು ನಾಲ್ಕು ಅಕ್ಷರ. ಅವ್ವನ ಹೆಸರು ಮೊದಲು, ಅದಕ್ಕೆ ಅಂಟಿಕೊಂಡು ನನ್ನದು. ಒಂದು ಮಾತ್ರೆಯೂ ಹೆಚ್ಚುಕಡಿಮೆಯಾಗದೆ ಕೂತುಬಿಟ್ಟಿತು. ನಾನು ಕಟ್ಟಿದ ಸಾಲುಗಳಲ್ಲಿ ಅದೇ ಒಳ್ಳೆಯದು ಎಂದು ಇವತ್ತಿಗೂ ಹೇಳುತ್ತೇನೆ. ಅವ್ವನಿಗೆ ಹೇಳಲಿಲ್ಲ. ಅವಳು ತನ್ನ ಹೆಸರನ್ನು ಭಜನೆ ಮನೆಯಲ್ಲಿ ಮೊದಲ ಸಲ ಕೇಳುವಾಗ ಅವಳ ಮುಖ ನೋಡಬೇಕೆಂಬ ಆಸೆಯಿತ್ತು.

ರಾಮನವಮಿಯ ಸಂಜೆ ಭಜನೆ ಮನೆಯ ಮುಂದಿನ ಚಪ್ಪರ ತುಂಬಿತ್ತು. ಪಾನಕ, ಕೋಸಂಬರಿ ಹಂಚಿಯಾಗಿತ್ತು. ಪುಸ್ತಕಗಳನ್ನು ದೇವರ ಪಟದ ಮುಂದೆ ಜೋಡಿಸಿದ್ದರು, ರಟ್ಟಿನ ಮೇಲೆ ಚಿಕ್ಕಪ್ಪನ ಹೆಸರು ಕೆಂಪು ಶಾಯಿಯಲ್ಲಿ. ಮೇಷ್ಟ್ರು ಮಾತಾಡಿದರು, ಚಿಕ್ಕಪ್ಪನಿಗೆ ಹಾರ ಹಾಕಿದರು. ಆಮೇಲೆ ನನ್ನನ್ನು ಕರೆದರು. ಒಳಗೆ ಹೋಗಿ ಹಾರ್ಮೋನಿಯಂ ಪಕ್ಕ ಕೂತ ಮೊದಲ ಹೆಣ್ಣು ನಾನು. ಚಿಕ್ಕಪ್ಪನೇ ಶ್ರುತಿ ಹಿಡಿದ. ಅವನ ಮುಖದಲ್ಲಿ ನಗುವಿತ್ತು. ಜಗಲಿಯ ಕಡೆ ನೋಡಿದೆ, ಕಂಬದ ಪಕ್ಕ ಅವ್ವ ಸೆರಗು ಹೊದ್ದು ಕೂತಿದ್ದಳು.

ಹಾಡಿದೆ. ಹೊಲ ಎಂದರೆ ಹೊಲವೇ ಎಂದು ತಿಳಿಯುವ ಹಾಗೆ, ಸಿಟ್ಟಿನಲ್ಲೇ ಹಾಡಿದೆ. ಹಿಮ್ಮೇಳದವರು ಒಂದೊಂದು ಸಾಲನ್ನೂ ತಿರುಗಿ ಹೇಳಿದರು. ನಮ್ಮಲ್ಲಿ ಕೊನೆಯ ಸಾಲನ್ನು ಮೂರು ಸಲ ಹೇಳಿ ಮುಗಿಸುತ್ತಾರೆ. ಮೊದಲ ಸಲ ಅವ್ವನ ಹೆಸರು, ನನ್ನ ಹೆಸರು ಹೇಳಿದೆ, ಒಂದೊಂದು ಅಕ್ಷರವೂ ಬಿಡಿಯಾಗಿ ಕೇಳಿಸುವ ಹಾಗೆ. ಹಾರ್ಮೋನಿಯಂ ಮೇಲೆ ಚಿಕ್ಕಪ್ಪನ ಬೆರಳು ನಿಂತಿತು. ಹಿಮ್ಮೇಳದವರು ತಡವರಿಸಿದರು. ಆಗ ಜಗಲಿಯಿಂದ ಒಂದು ಹೆಣ್ಣು ದನಿ ಮುಂದಾಗಿ ಎದ್ದು ಚಿಕ್ಕಪ್ಪನ ಅಂಕಿತವನ್ನು ಹೇಳಿತು. ಅದರ ಹಿಂದೆ ಎಲ್ಲರೂ ಹೇಳಿದರು. ಎರಡನೆಯ ಸಲ ನಾನು ಇನ್ನೂ ಗಟ್ಟಿಯಾಗಿ ನಮ್ಮ ಹೆಸರು ಹೇಳಿದೆ. ನಾನು ಮುಗಿಸುವ ಮೊದಲೇ ಆ ದನಿ ನನ್ನ ಮೇಲೆ ಬಿತ್ತು, ಇಡೀ ಚಪ್ಪರ ಅದರ ಜೊತೆ ಹೋಯಿತು. ಮೂರನೆಯ ಸಲ ನಾನು ಬಾಯಿ ತೆರೆಯಲಿಲ್ಲ. ನಾನಿಲ್ಲದೆಯೇ ಅವರು ಮುಗಿಸಿದರು, ಚಪ್ಪಾಳೆ ಹೊಡೆದರು. ಪಾಪ, ಹುಡುಗಿ ಹೆದರಿ ಸಾಲು ತಪ್ಪಿದಳು ಎಂದು ಮೇಷ್ಟ್ರು ನನ್ನ ತಲೆ ಸವರಿದರು.

ಆ ದನಿ ಯಾರದ್ದೆಂದು ಗದ್ದಲದಲ್ಲಿ ಗೊತ್ತಾಗಲಿಲ್ಲ ಎಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಿದ್ದೇನೆ. ಸುಳ್ಳು. ಹುಟ್ಟಿದಾಗಿನಿಂದ ಕೇಳಿದ ದನಿ, ಗೊತ್ತಾಗದೆ ಏನು?

ಮನೆಗೆ ಬರುವಾಗ ಅವ್ವ ನನ್ನ ಮುಂದೆ ಮುಂದೆ ನಡೆಯುತ್ತಿದ್ದಳು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ನಾನು ಓಡಿ ಅಡ್ಡ ನಿಂತೆ.

"ನಿನ್ನ ಹೆಸ್ರು ಹೇಳ್ದೆ ಕಣವ್ವ. ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದಳು. "ಇನ್ಯಾರ್ಗೂ ಕೇಳಿಸ್ಬಾರ್ದು ಅಂತ್ಲೇ ಜೋರಾಗಿ ಹೇಳ್ದೆ. ಇವತ್ತು ಆ ಮನೆ ಬಿಟ್ಟು ಎಲ್ಗೋಗೋಣ, ಹೇಳು?"

ಅವಳು ನನ್ನನ್ನು ದಾಟಿಕೊಂಡು ಹೋದಳು, ಹಸುಗಳು ಕಾಯುತ್ತಿದ್ದವು. ಚಿಕ್ಕಪ್ಪ ಸತ್ತಾಗ ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು, ಉಳಿದರ್ಧ ಹಳೆಯದಾಯಿತು. ಅವ್ವ ಹೋಗಿ ನಲವತ್ತು ವರ್ಷವಾಯಿತು. ಅವಳು ಮಾಡಿದ್ದು ಯಾಕೆಂದು ನನಗೆ ಗೊತ್ತು, ಅವಳ ಜಾಗದಲ್ಲಿ ನಿಂತು ನೂರು ಸಲ ಯೋಚಿಸಿದ್ದೇನೆ, ಅವಳನ್ನು ನೆನೆದು ಅತ್ತಿದ್ದೇನೆ. ಅವಳ ಮೇಲಿನ ಸಿಟ್ಟು ಮಾತ್ರ ಒಂದು ಚೂರೂ ಇಳಿದಿಲ್ಲ.